ಗಿರಿಜಾಂಬಾ ಅವರ ಗಿಡಗಳ ಹಾಸ್ಟೆಲ್

ಗಿರಾಕಿಯೆಂದು ತೂಗಿ ನೋಡಿದರೆ ಗಿರಿಜಾಂಬಾ ಅವರಿಂದ ಅಂಗಡಿಗೆ ದೊಡ್ಡ ಲಾಭವಿಲ್ಲ. ಸಾಮಾನು ಮುಟ್ಟುವ ಮೊದಲು ಅದರ ಮೇಲಿನ ಧೂಳು ನೋಡುತ್ತಾರೆ, ಬೆಲೆ ಕೇಳುವ ಮೊದಲು ಚೀಲದ ಹೊಲಿಗೆ ಎಳೆದು ನೋಡುತ್ತಾರೆ. ಚೌಕಾಸಿ ಮಾಡುವುದಿಲ್ಲ, ಅದು ಇನ್ನೂ ಕಷ್ಟ. ಚೌಕಾಸಿಯವರಿಗಾದರೆ ಒಂದಿಷ್ಟು ಏರಿಸಿ ಹೇಳಿ ಇಳಿಸಬಹುದು. ಇವರು ಹೇಳಿದ ಬೆಲೆ ಕೇಳಿ ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಾರೆ, ಅಷ್ಟಕ್ಕೇ ಅಂಗಡಿಯವನು ತಾನಾಗಿ ಇಳಿಸಿಕೊಂಡುಬಿಡುತ್ತಾನೆ. ಕುಳ್ಳನೆಯ ಆಳು, ಇಸ್ತ್ರಿ ಮಾಡಿದ ಹತ್ತಿ ಸೀರೆ, ಹಣೆಯಲ್ಲಿ ವಿಭೂತಿ, ದನಿ ಮಾತ್ರ ಮೂರು ಮಹಡಿಗೆ ಸಾಲುವಷ್ಟು. ಸವೆದ ಸಾಮಾನೇನಲ್ಲ. ಆದರೂ ಬಹಳ ಕಾಲದಿಂದ ಯಾರೂ ಕೈಗೆತ್ತಿಕೊಳ್ಳದ ಸಾಮಾನಿನ ಮೇಲೆ ಒಂದು ಬಗೆಯ ಮೌನ ಕೂತಿರುತ್ತದಲ್ಲ, ಅದು ಅವರ ಮೇಲಿತ್ತು. ಚಾಮರಾಜಪುರಂನ ಬೀದಿ ತಿರುವಿನಲ್ಲಿ ಕುಂಡ, ಗೊಬ್ಬರ, ಬೀಜ ಮಾರುವ ವಿಶ್ವನಾಥನ ಕಣ್ಣಿಗೆ ಅದು ಮೊದಲ ದಿನವೇ ಬಿತ್ತು. ಇದನ್ನು ಬರೆಯುತ್ತಿರುವವನೂ ಅವನೇ. ಅವನ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು.

ಆ ದನಿ ಹಾಸ್ಟೆಲಿನಲ್ಲಿ ಬೆಳೆದದ್ದು. ಊರಿನ ಒಂದು ಮಠ ನಡೆಸುತ್ತಿದ್ದ ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯಕ್ಕೆ ಗಿರಿಜಾಂಬಾ ವಾರ್ಡನ್ ಆಗಿದ್ದರು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ “ಪುರುಸೊತ್ತಾಗ್ಲಿಲ್ಲ” ಎನ್ನುತ್ತಿದ್ದರು. ನಿವೃತ್ತಿಯ ದಿನ ಹುಡುಗಿಯರು ಅತ್ತರು, ಅಕ್ಕಪಕ್ಕ ನಿಂತು ಫೋಟೋ ತೆಗೆಸಿಕೊಂಡರು, “ಮನೆಗೆ ಬಂದೇ ಬರ್ತೀವಿ ಮಿಸ್” ಎಂದರು. ಬರಲಿಲ್ಲ. ಅದಕ್ಕೆ ಆ ಹುಡುಗಿಯರನ್ನು ದೂರುವ ಹಾಗಿಲ್ಲ. ಹಾಸ್ಟೆಲಿನಿಂದ ಬಿಡುಗಡೆಯಾದವರು ವಾರ್ಡನ್ನರ ಮನೆಯ ದಾರಿ ಹಿಡಿದ ಉದಾಹರಣೆ ಲೋಕದಲ್ಲಿ ಕಡಿಮೆ.

ಮಹಡಿ ಮೇಲಿನ ಬಾಡಿಗೆ ಮನೆ. ಮುಂದೆ ಉದ್ದನೆಯ ವರಾಂಡ, ಬೆಳಗಿನ ಎಳೆಬಿಸಿಲು, ಮಧ್ಯಾಹ್ನದ ನೆರಳು. ಕೆಳಗಿನ ಬೀದಿಯ ಚಿಕ್ಕಯ್ಯ ಎಂಬ ನಿವೃತ್ತ ರೈಲ್ವೆ ಗಾರ್ಡು ಒಮ್ಮೆ ಮಗಳ ಮನೆಗೆ ಹಾಸನಕ್ಕೆ ಹೋಗುವಾಗ ತಮ್ಮ ಗುಲಾಬಿ ಕುಂಡವನ್ನು ಆ ವರಾಂಡದಲ್ಲಿ ಇಟ್ಟುಹೋದರು. ಬಂದು ನೋಡಿದರೆ ಗುಲಾಬಿ ಅವರ ಕೈಯಲ್ಲಿ ಇದ್ದಾಗಿನದಕ್ಕಿಂತ ಚೆನ್ನಾಗಿತ್ತು. ಸುದ್ದಿ ಹಬ್ಬಿತು. ಯಾತ್ರೆಗೆ ಹೊರಟವರು, ಬಾಣಂತನಕ್ಕೆ ಹೊರಟವರು, ಮದುವೆಗೆ ಹೊರಟವರು ಎಲ್ಲರೂ ಕುಂಡ ಹೊತ್ತುಕೊಂಡು ಮೆಟ್ಟಿಲು ಹತ್ತತೊಡಗಿದರು. ಕ್ರೋಟನ್, ಮನಿ ಪ್ಲಾಂಟ್, ಬ್ರಹ್ಮಕಮಲ, ದೊಡ್ಡಪತ್ರೆ, ಹೆಸರೇ ಗೊತ್ತಿಲ್ಲದ ಎಲೆಗಿಡಗಳು. ‘ಗಿಡಗಳ ಹಾಸ್ಟೆಲ್’ ಎಂದು ಹೆಸರಿಟ್ಟವನು ವಿಶ್ವನಾಥ. ಅವರಿಗೆ ಅದು ಸಿಟ್ಟು ತರಿಸಲಿಲ್ಲ.

ದುಡ್ಡು ಮುಟ್ಟುತ್ತಿರಲಿಲ್ಲ. ಹಾಗಾದರೆ ಗಿಟ್ಟುತ್ತಿದ್ದದ್ದೇನು ಎಂದು ವ್ಯಾಪಾರಿಯ ಬುದ್ಧಿಗೆ ಬಹಳ ಕಾಲ ಹೊಳೆದಿರಲಿಲ್ಲ. ಕುಂಡ ಬಿಡಲು ಬಂದವರು ನಾಲ್ಕು ಮಾತಾಡುತ್ತಾರೆ, ಒಯ್ಯಲು ಬಂದವರು ಇನ್ನೊಂದು ನಾಲ್ಕು. ಅದೇ ಅವರ ಆದಾಯ. ನಡುವೆ ಮಾತಿಗೆ ಗಿಡಗಳಿದ್ದವು. ಬೆಳಗ್ಗೆ ಸೀರೆ ಸೆರಗು ಸಿಕ್ಕಿಸಿಕೊಂಡು ಸಾಲಿನುದ್ದಕ್ಕೂ ನಡೆಯುವರು. “ಏನಮ್ಮಾ, ರಾತ್ರಿಯೆಲ್ಲ ಎಚ್ಚರಿದ್ದೆಯಾ? ತಲೆ ಯಾಕೆ ಬಗ್ಗಿಸಿದೀಯ? ನೀನು ನೋಡು, ಪಕ್ಕದವಳ ಬಿಸಿಲು ಕಸ್ಕೋಬೇಡ, ಜರುಗು.” ಕೆಳಗಿನ ಮನೆಯವರಿಗೆ ಆ ದನಿಯೇ ಗಡಿಯಾರ.

ಕುಂಡ ಬಿಡಲು ಬರುವವರಲ್ಲಿ ಒಬ್ಬಳು ಶಿಲ್ಪಶ್ರೀ. ಚಾಮರಾಜಪುರಂನ ಬ್ಯಾಂಕಿನಲ್ಲಿ ಕೆಲಸ, ವಾಸ ವಿಜಯನಗರದ ಒಂದು ಫ್ಲಾಟು. ಗಂಡನದು ಊರೂರು ತಿರುಗುವ ಔಷಧಿ ಕಂಪನಿಯ ಕೆಲಸ, ಅತ್ತೆ ಮನೆ ಕೊಳ್ಳೇಗಾಲ. ಹೀಗಾಗಿ ಅವಳ ಕ್ರೋಟನ್ ಕುಂಡ ಅವಳ ಮನೆಯಲ್ಲಿದ್ದದ್ದಕ್ಕಿಂತ ಹಾಸ್ಟೆಲಿನಲ್ಲಿ ಇದ್ದದ್ದೇ ಹೆಚ್ಚು. “ಆಂಟಿ, ಒಂದೇ ಗುಟುಕು ಕಾಫಿ ಕೊಡಿ, ಬಸ್ಸು ಹೋಗ್ಬುಡುತ್ತೆ” ಎಂದು ಬಂದವಳು ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಓಡುತ್ತಿದ್ದಳು. ಮ್ಯಾನೇಜರರ ನಡಿಗೆ, ಅತ್ತೆಯ ಫೋನ್ ದನಿ, ಸಾಲ ಕೇಳಲು ಬಂದವರ ಮುಖ, ಎಲ್ಲವನ್ನೂ ವರಾಂಡದ ಅಂಚಿನ ಮೋರಿಕಟ್ಟೆಯ ಮೇಲೆ ಕೂತೇ ಅಭಿನಯಿಸಿ ತೋರಿಸುವಳು. ಗಿರಿಜಾಂಬಾ ನಗುವುದನ್ನು ಆ ಬೀದಿಯಲ್ಲಿ ಕೇಳಿದವರು ಅವಳು ಬಂದ ದಿನವೇ ಕೇಳಿದ್ದು. ಅವಳು ಬಾರದ ದಿನ ಕ್ರೋಟನ್‌ಗೆ ಒಂದೆರಡು ಮಾತು ಜಾಸ್ತಿ ಸಿಗುತ್ತಿತ್ತು.

ಈ ಹಾಸ್ಟೆಲಿಗೊಂದು ಸಂಪ್ರದಾಯವಿತ್ತು. ಸೋಮವಾರ ದೇವರ ಜಗಲಿಯ ಮೇಲಿನ ಲಿಂಗಕ್ಕೆ ಹಾಲು, ಸಕ್ಕರೆ, ಜೇನು, ಬಾಳೆಹಣ್ಣಿನ ಅಭಿಷೇಕ. ತೀರ್ಥ ತೆಗೆದುಕೊಂಡು ಉಳಿದದ್ದನ್ನು ಮೋರಿಗೆ ಚೆಲ್ಲುವಂತಿಲ್ಲ, ಕಾಲಿಗೆ ಸಿಗುವಂತಿಲ್ಲ. ಗಿಡದ ಬುಡಕ್ಕೆ ಹಾಕುವುದು ಅವರ ತಾಯಿಯ ಕಾಲದ ರೂಢಿ. ಮೊದಲೆಲ್ಲ ಅದು ಜಗಲಿಯ ಕಿಟಕಿಯಾಚೆ ಕುಂಡದಲ್ಲಿದ್ದ ಸ್ವಂತ ದಾಸವಾಳಕ್ಕೇ ಹೋಗುತ್ತಿತ್ತು. ಹಾಸ್ಟೆಲು ತುಂಬಿದ ಮೇಲೆ ವಾರ್ಡನ್ ಬುದ್ಧಿ ಜಾಗೃತವಾಯಿತು. ಒಬ್ಬಳಿಗೆ ಕೊಟ್ಟು ಉಳಿದವರನ್ನು ನೋಡುತ್ತ ಕೂರಿಸುವುದೆಂದರೇನು? ಚಮಚದಲ್ಲಿ ಅಳೆದು ಎಲ್ಲ ಕುಂಡಕ್ಕೂ ಸಮಪಾಲು.

ಬೇಸಿಗೆ ರಜೆಯ ಕೊನೆಗೆ ಚಿಕ್ಕಯ್ಯ ತಮ್ಮ ಗುಲಾಬಿಯನ್ನು ಒಯ್ಯಲು ಬಂದರು. ಕುಂಡವನ್ನು ಎತ್ತಿ ಬೆಳಕಿಗೆ ಹಿಡಿದವರು ಹಾಗೇ ನಿಂತರು.

“ಇದೇನ್ರೀ ಮೇಡಂ, ಕೊಂಬೆ ಸಂದೀಲಿ ಹತ್ತಿ ಮೆತ್ತಿದಂಗದೆ?”

ಹತ್ತಿಯಲ್ಲ, ಹುಳ. ಬಿಳಿ ಹಿಟ್ಟು ಮೆತ್ತಿಕೊಂಡ, ಎಳ್ಳಿಗಿಂತ ಚಿಕ್ಕ ಹುಳ. ಎಲೆಯ ಅಡಿ ಅಂಟಂಟು. ಪಕ್ಕದ ಕುಂಡ ನೋಡಿದರೆ ಅಲ್ಲೂ ಇತ್ತು. ಶಿಲ್ಪಶ್ರೀಯ ಕ್ರೋಟನ್ ಮೇಲಂತೂ ಸೊಂಪಾಗಿ ಇತ್ತು.

“ಯಾರ ಕುಂಡದಿಂದ ಬಂತು ಇದು?” ಎಂದರು ಚಿಕ್ಕಯ್ಯ. ರೈಲು ತಡವಾದರೆ ಯಾವ ಸ್ಟೇಷನ್ನಿನಿಂದ ತಡ ಎಂದು ಕೇಳಿಯೇ ಬದುಕಿದವರು.

ಗಿರಿಜಾಂಬಾ ತಬ್ಬಿಬ್ಬಾದರು. ಹಾಸ್ಟೆಲಿನಲ್ಲಿ ಹೇನು ಹತ್ತಿದರೂ ಕಜ್ಜಿ ಹತ್ತಿದರೂ ಮೊದಲು ಯಾರಿಂದ ಎಂದು ಗೊತ್ತು ಮಾಡುವುದು ವಾರ್ಡನ್ನರ ಕೆಲಸ. ಬಾಯಿಗೆ ಉತ್ತರ ತಾನಾಗಿ ಬಂತು. “ಇನ್ಯಾರದು, ಆ ವಿಜಯನಗರದ ಹುಡುಗಿ ಕ್ರೋಟನ್ನು ಇರ್ಬೇಕು. ಬಂದು ಹೋಗಿ ಮಾಡೋದು ಅದೊಂದೇ.”

‘ಇರ್ಬೇಕು’ ಎಂಬುದು ಮೆಟ್ಟಿಲಲ್ಲೇ ಉದುರಿಹೋಯಿತು. ಸಂಜೆಯೊಳಗೆ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಕ್ರೋಟನ್ನಿನ ಫೋಟೋ ಬಿತ್ತು. ಕೆಳಗೆ ಚಿಕ್ಕಯ್ಯನವರ ಒಕ್ಕಣೆ: “ವಿಜಯನಗರದಿಂದ ಬಂದ ಈ ಗಿಡದಿಂದ ನಮ್ಮೆಲ್ಲರ ಗಿಡಕ್ಕೆ ಹುಳ. ಕೂಡಲೇ ತೆಗೆದುಕೊಂಡು ಹೋಗಿ.” ಬ್ಯಾಂಕಿನ ಗುಮಾಸ್ತರೊಬ್ಬರು ಅದೇ ಬೀದಿಯವರು. ಫೋಟೋ ಮಾರನೆಯ ಬೆಳಗ್ಗೆ ಕೌಂಟರಿನ ಆಚೆ ಬದಿಗೂ ತಲುಪಿತು.

ಶಿಲ್ಪಶ್ರೀ ಸಂಜೆ ಬಂದಳು. ಮೋರಿಕಟ್ಟೆಯ ಮೇಲೆ ಕೂರಲಿಲ್ಲ.

“ಕಾಫಿ ಇಡ್ತೀನಿ ಇರು” ಎಂದರು ಗಿರಿಜಾಂಬಾ.

“ಬೇಡ ಆಂಟಿ. ಬಸ್ಸಿದೆ.” ಕ್ರೋಟನ್ ಎತ್ತಿಕೊಂಡಳು. ಮೆಟ್ಟಿಲ ತಲೆಯಲ್ಲಿ ನಿಂತು, ತಿರುಗದೆಯೇ ಹೇಳಿದಳು: “ನನ್ನನ್ನ ಒಂದು ಮಾತು ಕೇಳ್ಬೋದಿತ್ತು.”

ಆಮೇಲೆ ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಕುಂಡ ಒಯ್ದರು. ಎಲ್ಲರೂ ಮರ್ಯಾದಸ್ಥರು, ಯಾರೂ ಬೈಯಲಿಲ್ಲ. “ಮನೇಲೇ ನೋಡ್ಕೋತೀವಿ ಬುಡಿ ಮೇಡಂ” ಎಂದರು. ಅದು ಬೈಗುಳಕ್ಕಿಂತ ಗಟ್ಟಿ. ಉಳಿದದ್ದು ದಾಸವಾಳ, ಮತ್ತೆ ಯಾರೂ ವಾಪಸು ಕೇಳದ ನಾಲ್ಕಾರು ಬಡ ಕುಂಡ. ಬೆಳಗಿನ ದನಿ ನಿಂತಿತು. ಕೆಳಗಿನ ಮನೆಯವರು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡರು.

ಗಿರಿಜಾಂಬಾ ವಿಶ್ವನಾಥನ ಅಂಗಡಿಗೆ ಬಂದು ನಿಂತದ್ದು ಆಗ. ಅವನು ಕಪಾಟಿನ ಬೀಗ ತೆಗೆದು ಕೆಂಪು ಗುರುತಿನ ಕೀಟನಾಶಕದ ಬಾಟಲಿ ಮುಂದಿಟ್ಟ.

“ಒಂದೇ ಸಲ ಹೊಡೀರಿ ಮೇಡಂ, ಹುಳದ ವಂಶ ಇರಲ್ಲ.”

“ಕೈಗೆ ತಾಗಿದ್ರೆ?”

“ತೊಳ್ಕೊಳ್ಳಿ.”

“ಮೂಗಿಗೆ?”

“ಮುಖಕ್ಕೆ ಬಟ್ಟೆ ಕಟ್ಕೊಳ್ಳಿ.”

“ದಾಸವಾಳದ ಹೂವು ನಾನು ದೇವರಿಗೆ ಏರಿಸ್ತೀನಿ ಕಣ್ರೀ. ಅವನಿಗೂ ಬಟ್ಟೆ ಕಟ್ಲಾ?” ಕನ್ನಡಕದ ಮೇಲಿನ ನೋಟ. “ಮನೆಯೊಳಗಿಡೋ ಗಿಡ. ಮಕ್ಕಳು ಎಲೆ ಮುಟ್ಟಿ ಅದೇ ಕೈ ಬಾಯಿಗಿಟ್ಕೋತಾರೆ. ಇನ್ನೇನಿದೆ ತೋರ್ಸಿ.”

ಬಾಟಲಿ ಕಪಾಟಿಗೆ ಮರಳಿತು. ಬೇವಿನೆಣ್ಣೆಯ ಸೀಸೆಯೊಂದು ಮಾರಾಟವಾಯಿತು. ಅದನ್ನು ಹೇಗೆ ಬಳಸಬೇಕೆಂದು ಮಾರಿದವನಿಗೂ ಸರಿಯಾಗಿ ಗೊತ್ತಿರಲಿಲ್ಲ.

ಮೊದಲ ಸಲ ಎಣ್ಣೆಯನ್ನು ಬರೀ ನೀರಿಗೆ ಹಾಕಿ, ಹತ್ತು ಗಂಟೆಯ ಬಿಸಿಲಲ್ಲಿ ಹೊಡೆದರು. ಎಣ್ಣೆ ನೀರಿನ ಮೇಲೆ ತೇಲುತ್ತಲೇ ಇತ್ತು. ಎಲೆಗೆ ಬಿದ್ದ ಕಡೆ ಸುಟ್ಟ ಕಲೆಯಾಯಿತು, ಹುಳ ಆರಾಮಾಗಿತ್ತು. ಎಣ್ಣೆ ನೀರಿನೊಡನೆ ಬೆರೆಯಬೇಕಾದರೆ ನೊರೆ ಬೇಕು ಎಂದು ಅವರಿಗೆ ಹೊಳೆದದ್ದು ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆ ನೋಡಿ. ಅದನ್ನು ಅಂಟುವಾಳದ ಕಾಯಿಯ ನೊರೆಯಲ್ಲೇ ಒಗೆಯುತ್ತಿದ್ದರು. ಕಾಯಿ ನೆನೆಸಿ, ಹಿಚುಕಿ, ಸೋಸಿ, ಆ ನೊರೆನೀರಿಗೆ ಒಂದು ಚಮಚ ಬೇವಿನೆಣ್ಣೆ ಹಾಕಿ ಕಡೆದರೆ ನೀರು ಹಾಲಿನ ಹಾಗೆ ಬೆಳ್ಳಗಾಯಿತು. ಮೊದಲು ಒಂದೇ ಎಲೆಗೆ ಹಚ್ಚಿ ಎರಡು ದಿನ ಕಾದರು. ಎಲೆ ಸುಡಲಿಲ್ಲ. ಆಮೇಲೆ ಬಿಸಿಲು ಇಳಿದ ಹೊತ್ತಿಗೆ, ಬಟ್ಟೆಯ ತುದಿಯಿಂದ ಹುಳ ಒರೆಸಿ ತೆಗೆದು, ಎಲೆಯ ಅಡಿಗೂ ಕೊಂಬೆಯ ಸಂದಿಗೂ ಸಿಂಪಡಿಸಿದರು. ಮೊಟ್ಟೆ ಒಡೆದು ಮರಿ ಬರುತ್ತವೆಂದು ವಾರವಾರವೂ ಅದೇ ಕೆಲಸ.

ಹುಳ ಹೋಗುತ್ತಿತ್ತು. ಒಂದೆರಡು ದಿನ ಬಿಟ್ಟು ಮತ್ತೆ ಬರುತ್ತಿತ್ತು. ಎಲ್ಲಿಂದ?

ಮನೆಗೆ ಜನ ಬರುತ್ತಿದ್ದರೆ ಆ ಪ್ರಶ್ನೆ ಅಲ್ಲೇ ಉಳಿಯುತ್ತಿತ್ತು. ಯಾರೂ ಬರುತ್ತಿರಲಿಲ್ಲ. ಒಂದು ಸೋಮವಾರ ಪೂಜೆ ಮುಗಿಸಿ, ಕುಂಡಗಳಿಗೆ ಚಮಚದ ಪಾಲು ಹಾಕಿ, ಮಾಡಲು ಕೆಲಸವಿಲ್ಲದೆ ಮೋರಿಕಟ್ಟೆಯ ಮೇಲೆ, ಶಿಲ್ಪಶ್ರೀ ಕೂರುತ್ತಿದ್ದ ಜಾಗದಲ್ಲೇ ಕೂತರು. ಸ್ವಲ್ಪ ಹೊತ್ತಿಗೆ ಇರುವೆಗಳ ಸಾಲೊಂದು ಹೊರಟಿತು. ಹಾಲುಸಕ್ಕರೆಯ ಪಸೆಗೆ ಬಂದವು, ಕುಡಿದವು, ಕಾಂಡ ಹತ್ತಿದವು. ಮೇಲೆ ಹೋಗಿ ಬಿಳಿ ಹುಳದ ಬೆನ್ನನ್ನು ಮೀಸೆಯಿಂದ ಸವರಿದವು, ಹುಳದ ಹಿಂದಿನಿಂದ ಒಸರಿದ ಜಿಡ್ಡಿನ ಹನಿ ಹೀರಿದವು. ಒಂದು ಇರುವೆ ಹುಳದ ಮರಿಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ಕೆಳಗಿಳಿದು, ಪಕ್ಕದ ಕುಂಡ ಹತ್ತಿ, ಎಳೆ ಚಿಗುರಿನ ಬಳಿ ಇಳಿಸಿತು. ಮಗುವನ್ನು ಶಾಲೆಗೆ ಬಿಟ್ಟು ಬರುವ ತಾಯಿಯ ಹಾಗೆ ವಾಪಸು ಹೊರಟಿತು.

ಒಲೆಯ ಮೇಲಿಟ್ಟ ಅನ್ನ ಸೀದ ವಾಸನೆ ಬಂದರೂ ಅವರು ಏಳಲಿಲ್ಲ. ಇರುವೆಯ ಸಾಲನ್ನು ಹಿಂದು ಹಿಂದಕ್ಕೆ ಹುಡುಕುತ್ತ ಹೋದರು. ವರಾಂಡದ ಗೋಡೆ, ಜಗಲಿಯ ಕಿಟಕಿ, ಅಲ್ಲಿಂದ ದಾಸವಾಳ. ಬಂದ ಕುಂಡಗಳ ಎಲೆಯಡಿಯನ್ನೆಲ್ಲ ನೋಡಿಯೇ ಒಳಗೆ ಬಿಡುತ್ತಿದ್ದವರು ಮನೆಯ ಗಿಡದ ಬುಡವನ್ನು ಎಂದೂ ನೋಡಿರಲಿಲ್ಲ. ಹೂವು ಕಿತ್ತುಕೊಳ್ಳುತ್ತಿದ್ದರು, ಅಷ್ಟೆ. ಬುಡದಲ್ಲಿ ಒಣಗಿದ ಹಾಲಿನ ಕೆನೆ. ಅದನ್ನು ಕೆರೆದರೆ ಅಡಿಯಲ್ಲಿ ಬಿಳಿ ಹಿಟ್ಟಿನ ಪದರದ ಮೇಲೆ ಪದರ, ಹಳೆಯದು, ಬೂದಿಬಣ್ಣಕ್ಕೆ ತಿರುಗಿದ್ದು. ಕೆಳಗಿನ ಎಲೆಗಳು ಮಸಿ ಹಿಡಿದು ಕಪ್ಪಾಗಿದ್ದವು. ಹುಳ ವಿಜಯನಗರದಿಂದ ಬಂದದ್ದಲ್ಲ. ಅದು ಆ ಮನೆಯದೇ. ಸಮಪಾಲಿನ ಚಮಚ ಇರುವೆಗಳಿಗೆ ಪ್ರತಿ ಕುಂಡದ ವಿಳಾಸ ತೋರಿಸಿಕೊಟ್ಟಿತ್ತು.

ಆ ಸಂಜೆ ದಾಸವಾಳವನ್ನು ಅರ್ಧಕ್ಕೆ ಕತ್ತರಿಸಿ, ಬುಡ ಉಜ್ಜಿ ತೊಳೆದು, ಮೇಲ್ಮಣ್ಣು ಬದಲಿಸಿದರು. ಇರುವೆ ದಾಟದ ಹಾಗೆ ಕುಂಡಗಳನ್ನು ನೀರು ತುಂಬಿದ ತಟ್ಟೆಗಳಲ್ಲಿ ಕಲ್ಲಿನ ಮೇಲೆ ಕೂರಿಸಿದರು. ಅಭಿಷೇಕ ಬರೀ ನೀರಿನದಾಯಿತು. ಹಾಲುಸಕ್ಕರೆ ಬಟ್ಟಲಲ್ಲಿ ನೈವೇದ್ಯವಾಗಿ ಹೋಗಿ ಅವರ ಹೊಟ್ಟೆಗೇ ಬಂತು. ಶಿವ ಆಕ್ಷೇಪಿಸಿದ ಹಾಗೆ ಕಾಣಲಿಲ್ಲ. ಕೆಲವು ವಾರಗಳಲ್ಲಿ ವರಾಂಡ ಶುದ್ಧವಾಯಿತು. ಶುದ್ಧವಾದ ವರಾಂಡದಲ್ಲಿ ಅವರೊಬ್ಬರೇ.

ಗಿಡದ ಮಾತು ಮುಗಿಯಿತು, ಹುಡುಗಿಯ ಮಾತು ಉಳಿಯಿತು. ವಾರ್ಡನ್ ಹುಡುಗಿಯೊಬ್ಬಳ ಮುಂದೆ ತಪ್ಪಾಯಿತು ಎಂದದ್ದು ಅವರ ಸರ್ವಿಸಿನಲ್ಲಿ ಇರಲಿಲ್ಲ. ಫೋನ್ ಮಾಡಿದರು. ಎತ್ತಲಿಲ್ಲ. ಒಂದು ಭಾನುವಾರ ಬಿಳಿ ದ್ರಾವಣದ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ವಿಜಯನಗರಕ್ಕೆ ಹೋದರು. ಒಂದೇ ಥರದ ಬೀದಿ, ಒಂದೇ ಥರದ ಗೇಟು. ಫ್ಲಾಟಿನ ಕಾವಲುಗಾರ ಹೆಸರು ಕೇಳಿ, ಕೆಲಸ ಕೇಳಿ, “ಸಂಬಂಧ ಏನಾಗ್ಬೇಕು?” ಎಂದ. ಗಿರಿಜಾಂಬಾ ಚೀಲ ಎತ್ತಿ ತೋರಿಸಿ, “ಕುಂಡ” ಎಂದರು.

ಶಿಲ್ಪಶ್ರೀ ಬಾಗಿಲು ತೆಗೆದಳು. ಒಳಗೆ ಕರೆದಳು, ನೀರು ಕೊಟ್ಟಳು. ಬಾಲ್ಕನಿಯಲ್ಲಿ ಕ್ರೋಟನ್ ಇತ್ತು. ಎಲೆಯೆಲ್ಲ ಉದುರಿ ಮೂರು ಮೋಟು ಕೊಂಬೆ.

“ಹುಳ ನಿಂದಲ್ಲ. ನಮ್ಮನೆ ದಾಸವಾಳದ್ದು” ಎಂದರು ಗಿರಿಜಾಂಬಾ. ಇರುವೆಯ ಕಥೆ ಹೇಳಿದರು. “ನಿನ್ನನ್ನ ಕೇಳ್ದೆ ಹೇಳ್ಬುಟ್ಟೆ. ತಪ್ಪಾಯ್ತು ಕಣಮ್ಮ.”

ಶಿಲ್ಪಶ್ರೀ ಈ ಸಲ ಏನನ್ನೂ ಅಭಿನಯಿಸಿ ತೋರಿಸಲಿಲ್ಲ.

“ಬ್ಯಾಂಕಲ್ಲಿ ನನ್ನ ಹುಳದ ಮೇಡಂ ಅಂತಾರೆ ಆಂಟಿ. ತಮಾಷೆಗೇ ಅನ್ನೋದು, ಆದ್ರೂ.” ಲೋಟ ಎತ್ತಿಟ್ಟಳು. “ನನಗೆ ಬಂದು ಹೇಳಿದ್ರಿ, ಸರಿ. ಯಾರಿಗೆ ಹೇಳಿದ್ರೋ ಅವರಿಗೆ ಹೇಳಿದ್ರಾ?”

ಹೇಳಿರಲಿಲ್ಲ. ಹೇಳಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಈಗ ಹುಳ ಹೊರಗಿನದೆಂಬ ನಂಬಿಕೆಯಾದರೂ ಇದೆ. ದಸರಾ ರಜೆಗೆ ಊರವರೆಲ್ಲ ಹೊರಡುವಾಗ ನಾಲ್ಕು ಜನ ಮತ್ತೆ ಮೆಟ್ಟಿಲು ಹತ್ತಿಯಾರು. ಹುಳ ಆ ಮನೆಯದೇ ಎಂದರೆ ಯಾರು ಕುಂಡ ತರುತ್ತಾರೆ? ಬಾಟಲಿಯನ್ನು ಬಾಲ್ಕನಿಯಲ್ಲಿಟ್ಟು, ಹೊಡೆಯುವ ಬಗೆ ಹೇಳಿ, ಬಸ್ಸು ಹತ್ತಿದರು.

ಮಾರನೆಯ ಬೆಳಗ್ಗೆ ಅಂಗಡಿಗೆ ಬಂದು ಫೋನನ್ನು ತೂಕದ ಯಂತ್ರದ ಮೇಲಿಟ್ಟರು.

“ಈ ಗುಂಪಿಗೆ ಮಾತಲ್ಲಿ ಹೇಳೋದು ಹೆಂಗೆ? ಗುಂಡಿ ಒತ್ತಿ ಕೊಡಿ.”

ವಿಷಯ ಕೇಳಿ ವಿಶ್ವನಾಥ ಬುದ್ಧಿವಾದ ಹೇಳಿದ. “ಮೇಡಂ, ಈ ಸಲ ಎಲ್ಲ ಕಡೆ ಹುಳ ಜಾಸ್ತಿ, ಹವಾಮಾನ ಹಂಗಿತ್ತು, ಯಾರದೂ ತಪ್ಪಲ್ಲ ಅಂದ್ಬುಡಿ. ಸುಳ್ಳೂ ಅಲ್ಲ, ನಿಮ್ಮ ಹಾಸ್ಟೆಲೂ ಉಳೀತದೆ.”

“ಇಂಥ ಮಾತು ಹೇಳೇ ನೀವು ಅಂಗಡಿ ನಡೆಸೋದಾ?”

“ಹೌದು” ಎಂದ ವಿಶ್ವನಾಥ. “ಚೆನ್ನಾಗೇ ನಡೀತಿದೆ.”

“ಒತ್ರೀ ಗುಂಡಿ.”

ಒತ್ತಿದ. ಅವರಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಿದರೂ ಸಾಕು ಎಂದು ಯಾರೂ ಹೇಳಿರಲಿಲ್ಲ. ಮೂರು ಮಹಡಿಯ ದನಿಯಲ್ಲಿ ಶುರುಮಾಡಿದರು. “ಎಲ್ಲರೂ ಕೇಳಿ. ನಾನು ಗಿರಿಜಾಂಬಾ. ಗಿಡಕ್ಕೆ ಹುಳ ಬಂದಿದ್ದು ನಮ್ಮನೆ ದಾಸವಾಳದಿಂದ. ನಾನು ಹಾಕಿದ ಹಾಲುಸಕ್ಕರೆಗೆ ಇರುವೆ ಬಂದು ಎಲ್ಲ ಕುಂಡಕ್ಕೂ ಹಬ್ಬಿಸ್ತು. ಶಿಲ್ಪಶ್ರೀ ಕುಂಡ ಅಂತ ನಾನು ಹೇಳಿದ್ದು ನೋಡದೆ ಹೇಳಿದ ಮಾತು. ಆ ಹುಡುಗಿದು ಏನೂ ತಪ್ಪಿಲ್ಲ. ನಿಮ್ಮ ಗಿಡದಲ್ಲಿ ಇನ್ನೂ ಹುಳ ಇದ್ರೆ ತನ್ನಿ, ನಾನೇ ತೊಳೆದು ಕೊಡ್ತೀನಿ. ಇಷ್ಟೇ.” ಎದುರಿನ ಹಾಲಿನ ಬೂತಿನ ಸಾಲು, ಆಟೋ ಸ್ಟ್ಯಾಂಡು, ಹೂವಿನವಳು, ಎಲ್ಲರೂ ಫೋನಿಲ್ಲದೆಯೇ ಕೇಳಿಸಿಕೊಂಡರು.

ಗುಂಪಿನಲ್ಲಿ ಎಲ್ಲರೂ ಕೇಳಿದರೆಂಬ ನೀಲಿ ಗುರುತುಗಳು ಬಿದ್ದವು. ಚಿಕ್ಕಯ್ಯ ಕೈಮುಗಿದ ಚಿತ್ರವೊಂದನ್ನು ಹಾಕಿದರು. ಅದು ಕ್ಷಮೆಯೋ ಅಂತಿಮ ನಮಸ್ಕಾರವೋ ತಿಳಿಯಲಿಲ್ಲ.

ದಸರಾ ರಜೆ ಬಂತು. ಬೀದಿಯಲ್ಲಿ ಸೂಟ್‌ಕೇಸುಗಳು ಉರುಳಿದವು. ಚಿಕ್ಕಯ್ಯ ಗುಲಾಬಿಯನ್ನು ಎದುರುಮನೆಯವರಿಗೆ ಒಪ್ಪಿಸಿ ಹಾಸನಕ್ಕೆ ಹೋದರು. ಕೆಲವರು ಮನೆಯಲ್ಲೇ ಬಕೆಟ್ಟಿನಿಂದ ದಾರ ಇಳಿಬಿಟ್ಟು ನೀರುಣಿಸುವ ಏರ್ಪಾಡು ಮಾಡಿಕೊಂಡರು. ಗಿರಿಜಾಂಬಾ ದಿನವೂ ಮೆಟ್ಟಿಲು ಗುಡಿಸಿದರು, ವರಾಂಡ ತೊಳೆದರು, ಬಂದರೆ ಇಡಲಿಕ್ಕೆಂದು ನೀರಿನ ತಟ್ಟೆಗಳನ್ನು ಸಾಲಾಗಿ ಜೋಡಿಸಿದರು. ಖಾಲಿ ತಟ್ಟೆಯ ನೀರನ್ನು ಗುಬ್ಬಚ್ಚಿಗಳು ಕುಡಿದು ಹೋದವು. ಒಬ್ಬರೇ ಉಂಡು, ತಟ್ಟೆ ತೊಳೆದು, ಕಟ್ಟೆಯ ಮೇಲೆ ಕೂತು ಬೀದಿ ನೋಡಿದರು. ಅಂಗಡಿಗೆ ಬಂದಾಗ ವಿಶ್ವನಾಥ ಕೇಳಿದ: “ಹೇಳಿದ್ದಕ್ಕೆ ಬೇಜಾರಾ ಮೇಡಂ?” ಅವರು ಚೀಲದ ಹೊಲಿಗೆ ಎಳೆದು ನೋಡುತ್ತ, “ಬೇಜಾರು ಮೊದಲೂ ಇತ್ತಲ್ರೀ” ಎಂದರು.

ವಿಜಯದಶಮಿ ಕಳೆದ ಮೇಲೆ ಒಂದು ಸಂಜೆ ಬ್ಯಾಂಕು ಬಿಟ್ಟ ಹೊತ್ತಿಗೆ ಶಿಲ್ಪಶ್ರೀ ಬಂದಳು. ಕೈಯಲ್ಲಿ ಮೋಟು ಕ್ರೋಟನ್. ತುದಿಯಲ್ಲಿ ಎರಡು ಚಿಗುರೆಲೆ, ಹಳದಿ ಚುಕ್ಕಿಯವು.

“ಕೊಳ್ಳೇಗಾಲಕ್ಕೆ ಹೋಗ್ತಿದೀನಿ ಆಂಟಿ. ಬರೋದು ಮುಂದಿನ ವಾರ.”

ಗಿರಿಜಾಂಬಾ ಎಲೆಯನ್ನು ತಿರುಗಿಸಿ ಅಡಿ ನೋಡಿದರು. ಆಮೇಲೆ, “ಕಾಫಿ?” ಎಂದರು.

“ಇವತ್ತು ಬೇಡ.” ಕುಂಡವನ್ನು ಅವಳೇ ನೀರಿನ ತಟ್ಟೆಯಲ್ಲಿ ಕಲ್ಲಿನ ಮೇಲೆ ಸಮನಾಗಿ ಕೂರಿಸಿದಳು. ಮೆಟ್ಟಿಲ ತಲೆಯಲ್ಲಿ ನಿಂತು ತಿರುಗಿದಳು. “ಬ್ಯಾಂಕಲ್ಲಿ ಎಲ್ಲರೂ ನಿಮ್ಮ ಮಾತು ಕೇಳಿದ್ರು. ಮ್ಯಾನೇಜರ್ರು ದನಿ ಕೇಳಿ ಎದ್ದೇ ನಿಂತ್ಬುಟ್ರು.”

ಗಿರಿಜಾಂಬಾ ನಗಲಿಲ್ಲ. ಅವಳು ಬೀದಿ ದಾಟಿ ಮೊದಲ ಬಸ್ಸಿಗೇ ಹತ್ತಿದ್ದನ್ನು ಕಟ್ಟೆಯ ಬಳಿ ನಿಂತು ನೋಡಿದರು. ಮಾರನೆಯ ಬೆಳಗ್ಗೆ ಕೆಳಗಿನ ಮನೆಯವರಿಗೆ ಅಲಾರಂ ಬೇಕಾಗಲಿಲ್ಲ. ಹಾಸ್ಟೆಲಿಗೆ ಮರಳಿದ ಒಂದೇ ಕುಂಡಕ್ಕೆ ಹಾಜರಿ ನಡೆಯಿತು.

ಈಗ ಹುಳವೆಂದು ಗಿಡ ಹಿಡಿದುಕೊಂಡು ಅಂಗಡಿಗೆ ಬಂದವರಿಗೆ ವಿಶ್ವನಾಥ ಕಪಾಟಿನ ಬೀಗ ತೆಗೆಯುವುದಿಲ್ಲ. ಮೊದಲು ಎಲೆಯ ಅಡಿ ನೋಡುತ್ತಾನೆ, ಇರುವೆ ಇದೆಯೇ ಎಂದು ಕೇಳುತ್ತಾನೆ, ಬೇವಿನೆಣ್ಣೆಯನ್ನು ಅಂಟುವಾಳದ ನೊರೆಯಲ್ಲಿ ಕಡೆದು ಸಂಜೆ ಹೊಡೆಯುವ ಬಗೆ ಹೇಳಿಕೊಡುತ್ತಾನೆ. ಇದಿಷ್ಟನ್ನೂ ಅವನು ಕಲಿತದ್ದು ಗಿರಿಜಾಂಬಾ ಅವರಿಂದ. ಅವನು ಅವರಿಗೆ ಋಣಿ.